ಅಲರ್ಜಿ ಎಲ್ಲಿಯವರೆಗೆ ಸ್ಥಳೀಯ, ಎಲ್ಲಿಂದ ಅನಾಫಿಲ್ಯಾಕ್ಸಿಸ್?

ಜೇನುನೊಣ ಕುಟುಕಿ ಇಡೀ ಮುಂಗೈ ಊದಿಕೊಂಡರೆ ನೋಡಿದವರಿಗೆ ಗಾಬರಿಯಾಗುತ್ತದೆ. ಆದರೂ ವೈದ್ಯರ ಲೆಕ್ಕದಲ್ಲಿ ಅದು ಸ್ಥಳೀಯ ಅಲರ್ಜಿಯೇ. ಊತ 10 ಸೆಂ.ಮೀ. ದಾಟಿ, 24 ಗಂಟೆಗಿಂತ ಜಾಸ್ತಿ ಉಳಿದರೆ 'ದೊಡ್ಡ ಸ್ಥಳೀಯ ಪ್ರತಿಕ್ರಿಯೆ' ಅನ್ನುತ್ತಾರೆ, ಅಷ್ಟೇ. ಇನ್ನೊಬ್ಬರಿಗೆ ಕುಟುಕಿದ ಜಾಗದಲ್ಲಿ ಏನೂ ಕಾಣದಿದ್ದರೂ ಸ್ವಲ್ಪ ಹೊತ್ತಿಗೇ ರಕ್ತದೊತ್ತಡ ಕುಸಿಯಬಹುದು. ಅಪಾಯ ಇರುವುದು ಅಲ್ಲಿ. ಹೀಗೆ ಇಡೀ ಮೈಯನ್ನು ಹಿಡಿದು ಜೀವಕ್ಕೇ ಕುತ್ತು ತರುವ ಅಲರ್ಜಿಯೇ ಅನಾಫಿಲ್ಯಾಕ್ಸಿಸ್.

ಈ ಗೆರೆ ಎಳೆಯಲು ನೂರು ವರ್ಷ ಬೇಕಾಯಿತು. 1902ರಲ್ಲಿ ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಸಮುದ್ರಜೀವಿಯ ವಿಷವನ್ನು ನಾಯಿಗಳಿಗೆ ಚುಚ್ಚಿ ನೋಡುತ್ತಿದ್ದರು. ಮೊದಲ ಡೋಸ್ ತಡೆದುಕೊಂಡಿದ್ದ ನಾಯಿ, ಕೆಲವು ವಾರಗಳ ನಂತರ ಕೊಟ್ಟ ಚಿಕ್ಕ ಡೋಸಿಗೇ ಸತ್ತುಹೋಯಿತು. ಅದಕ್ಕೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. 1913ರಲ್ಲಿ ರಿಷೆಗೆ ನೊಬೆಲ್ ಬಂತು. ಹಾಗಾಗಿ ಆರಂಭದಲ್ಲಿ ಈ ಹೆಸರು ಕೇಳಿದರೆ ನೆನಪಾಗುತ್ತಿದ್ದದ್ದು ಶಾಕ್ (ರಕ್ತದೊತ್ತಡ ಕುಸಿದು ಅಂಗಗಳಿಗೆ ರಕ್ತ ಸಾಲದಾಗುವುದು) ಮತ್ತು ಸಾವು.

ಮನುಷ್ಯರಲ್ಲಿ ಎಲ್ಲವೂ ಅಷ್ಟು ದೂರ ಹೋಗುವುದಿಲ್ಲ, ಅಲ್ವಾ? 1977ರಲ್ಲಿ ರಿಂಗ್ ಮತ್ತು ಮೆಸ್ಮರ್ ಎಂಬ ವೈದ್ಯರು ಇಂಥ ಪ್ರತಿಕ್ರಿಯೆಯ ತೀವ್ರತೆಯನ್ನು ನಾಲ್ಕು ಹಂತ ಮಾಡಿದರು. ಮೊದಲ ಹಂತದಲ್ಲಿ ಬರೀ ಚರ್ಮದ ಲಕ್ಷಣ, ಕೊನೆಯದರಲ್ಲಿ ಹೃದಯ ಅಥವಾ ಉಸಿರಾಟ ನಿಲ್ಲುವುದು. ಬೇರೆಯವರು ಬೇರೆ ಅಳತೆ ಹಿಡಿದರು. ಮೈಯೆಲ್ಲ ದದ್ದು ಎದ್ದರೆ ಅದು ಅನಾಫಿಲ್ಯಾಕ್ಸಿಸ್ಸೇ? ಒಬ್ಬೊಬ್ಬರದು ಒಂದೊಂದು ಉತ್ತರ. ಹೀಗಿದ್ದರೆ ಒಂದು ಅಧ್ಯಯನವನ್ನು ಇನ್ನೊಂದರ ಜೊತೆ ಹೋಲಿಸುವುದಾದರೂ ಹೇಗೆ?

2005ರಲ್ಲಿ ಅಮೆರಿಕದಲ್ಲಿ ತಜ್ಞರು ಸೇರಿ ಚರ್ಚಿಸಿದರು. 2006ರಲ್ಲಿ ಪ್ರಕಟವಾದ ಅವರ ಮಾನದಂಡವನ್ನು ಇಂದಿಗೂ ಬಳಸುತ್ತಾರೆ. ದಿಢೀರನೆ ದದ್ದು ಅಥವಾ ತುಟಿ ಊತ ಬಂದು, ಜೊತೆಗೆ ಉಸಿರಾಟಕ್ಕೆ ತೊಂದರೆಯಾದರೆ ಅಥವಾ ರಕ್ತದೊತ್ತಡ ಇಳಿದರೆ ಅನಾಫಿಲ್ಯಾಕ್ಸಿಸ್. ಅಲರ್ಜಿ ತರುವಂಥದ್ದು ಮೈಗೆ ಸೇರಿದ ಮೇಲೆ ಚರ್ಮ, ಉಸಿರಾಟ, ರಕ್ತದೊತ್ತಡ, ಹೊಟ್ಟೆ, ಇವುಗಳಲ್ಲಿ ಎರಡು ಕೆಟ್ಟರೂ ಅದೇ. ತನಗೆ ಆಗದ ವಸ್ತು ಎಂದು ಮೊದಲೇ ಗೊತ್ತಿದ್ದವರಲ್ಲಿ ರಕ್ತದೊತ್ತಡ ಕುಸಿದರೆ ಅದೊಂದೇ ಸಾಕು. ಬರೀ ದದ್ದು ಮಾತ್ರ ಇದಕ್ಕೆ ಸಾಲದು, ಅದು ಮೈತುಂಬ ಇದ್ದರೂ.

2020ರಲ್ಲಿ ವಿಶ್ವ ಅಲರ್ಜಿ ಸಂಘಟನೆ ಇದನ್ನು ಇನ್ನಷ್ಟು ಸರಳ ಮಾಡಿತು. ನನ್ನ ಪ್ರಕಾರ ಅದರಲ್ಲಿ ಮುಖ್ಯವಾದದ್ದು ಇದು: ಅಲರ್ಜಿ ವಸ್ತು ಮೈಗೆ ಸೇರಿದ್ದು ಹೆಚ್ಚುಕಡಿಮೆ ಖಚಿತವಿದ್ದಾಗ ಶ್ವಾಸನಾಳ ಬಿಗಿದರೆ, ಗಂಟಲು ಕಟ್ಟಿದರೆ ಅಥವಾ ರಕ್ತದೊತ್ತಡ ಇಳಿದರೆ, ಚರ್ಮದಲ್ಲಿ ಏನೂ ಕಾಣದಿದ್ದರೂ ಅನಾಫಿಲ್ಯಾಕ್ಸಿಸ್ ಎಂದೇ ನೋಡಬೇಕು. ದದ್ದು ಇಲ್ಲವಲ್ಲ ಎಂದು ಸುಮ್ನೆ ಕೂತರೆ ತಡವಾಗುತ್ತದೆ. ಮೊದಲು ಬೇಕಾದದ್ದು ತೊಡೆಯ ಸ್ನಾಯುವಿಗೆ ಅಡ್ರಿನಾಲಿನ್ ಇಂಜೆಕ್ಷನ್. ಅಲರ್ಜಿ ಮಾತ್ರೆ ತುರಿಕೆಯನ್ನು ತಗ್ಗಿಸೀತು, ಕುಸಿದ ರಕ್ತದೊತ್ತಡವನ್ನು ಎತ್ತುವುದಿಲ್ಲ.