ಪ್ರೋಟೋಟೈಪ್ ಎಂದು ಬರೆದರೂ ಹಳೆಯ ಆಬ್ಜೆಕ್ಟೇ ಬರುವುದೇಕೆ?

ಪ್ರಶ್ನೆ: ನಮ್ಮ ಸ್ಪ್ರಿಂಗ್ (ಜಾವಾ ಫ್ರೇಮ್‌ವರ್ಕ್) ಅಪ್ಲಿಕೇಶನ್‌ನಲ್ಲಿ ವರದಿಯ ಸಾಲುಗಳನ್ನು ಕೂಡಿಸುವ ಒಂದು ಬಿಲ್ಡರ್ ಕ್ಲಾಸ್ ಇದೆ. ಪ್ರತಿ ವರದಿಗೂ ಹೊಸ ಆಬ್ಜೆಕ್ಟ್ ಬೇಕೆಂದು ಅದಕ್ಕೆ ಪ್ರೋಟೋಟೈಪ್ ಸ್ಕೋಪ್ (ಆಬ್ಜೆಕ್ಟ್ ಯಾವಾಗ ಹುಟ್ಟಬೇಕೆಂಬ ನಿಯಮ) ಕೊಟ್ಟಿದ್ದೇನೆ. ಆದರೂ ಎರಡನೆಯ ಬಳಕೆದಾರರ ವರದಿಯಲ್ಲಿ ಮೊದಲನೆಯವರ ಸಾಲುಗಳು ಸೇರಿಕೊಳ್ಳುತ್ತಿವೆ. ತಪ್ಪು ಎಲ್ಲಿದೆ?

ಉತ್ತರ: ಸ್ಕೋಪ್‌ನಲ್ಲಿ ತಪ್ಪಿಲ್ಲ. ಪ್ರೋಟೋಟೈಪ್ ಎಂದರೆ ಕಂಟೇನರನ್ನು (ಆಬ್ಜೆಕ್ಟ್‌ಗಳನ್ನು ಕಟ್ಟಿ ಜೋಡಿಸುವ ಸ್ಪ್ರಿಂಗ್‌ನ ಭಾಗವನ್ನು) ಕೇಳಿದಾಗಲೆಲ್ಲ ಅದು ಹೊಸದನ್ನು ಕಟ್ಟಿಕೊಡುತ್ತದೆ ಎಂದಷ್ಟೇ ಅರ್ಥ. ನಿಮ್ಮ ಅಪ್ಲಿಕೇಶನ್ ಅದನ್ನು ಒಂದೇ ಒಂದು ಬಾರಿ ಕೇಳಿದೆ. (ಹೆಸರೂ ಸ್ವಲ್ಪ ದಾರಿ ತಪ್ಪಿಸುತ್ತದೆ, ಇಲ್ಲಿ ಯಾವ ಮಾದರಿಯ ನಕಲೂ ಆಗುವುದಿಲ್ಲ.)

ಬಿಲ್ಡರನ್ನು ಬಳಸುವ ಸರ್ವಿಸ್ ಕ್ಲಾಸಿಗೆ ನೀವು ಸ್ಕೋಪ್ ಬರೆದಿಲ್ಲವಾದರೆ ಅದು ಸಿಂಗಲ್‌ಟನ್, ಅಂದರೆ ಕಂಟೇನರ್‌ನಲ್ಲಿ ಅದರ ಆಬ್ಜೆಕ್ಟ್ ಒಂದೇ. ಅಪ್ಲಿಕೇಶನ್ ಏಳುವಾಗ ಕಂಟೇನರ್ ಅದರ ಕನ್‌ಸ್ಟ್ರಕ್ಟರನ್ನು ಒಮ್ಮೆ ಕರೆಯುತ್ತದೆ, ಅದಕ್ಕೆ ಬೇಕಾದ ಬಿಲ್ಡರನ್ನು ಆಗಲೇ ಒಮ್ಮೆ ಸೃಷ್ಟಿಸಿ ಕೈಗಿಡುತ್ತದೆ, ಸರ್ವಿಸ್ ಅದನ್ನು ತನ್ನ ಫೀಲ್ಡ್‌ನಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಬರುವ ರಿಕ್ವೆಸ್ಟ್‌ಗಳೆಲ್ಲ ನೇರವಾಗಿ ಸರ್ವಿಸ್‌ಗೆ ಹೋಗುವುದರಿಂದ ಹೊಸ ಬಿಲ್ಡರ್ ಕಟ್ಟುವ ಸಂದರ್ಭವೇ ಕಂಟೇನರ್‌ಗೆ ಒದಗುವುದಿಲ್ಲ. ಮೊದಲ ವರದಿ 12 ಸಾಲು ತುಂಬಿತ್ತೆಂದುಕೊಳ್ಳಿ. ಎರಡನೆಯದು ಆರಂಭವಾಗುವುದೇ 13ನೆಯ ಸಾಲಿನಿಂದ. ಮೆಥಡ್‌ನೊಳಗೆ ಸಿಸ್ಟಮ್ ಕ್ಲಾಸಿನ ಐಡೆಂಟಿಟಿ ಹ್ಯಾಶ್‌ಕೋಡ್ ಮೆಥಡ್‌ನಿಂದ ಬಿಲ್ಡರ್‌ನ ಗುರುತಿನ ಸಂಖ್ಯೆಯನ್ನು ಮುದ್ರಿಸಿ ನೋಡಿದರೆ ಪ್ರತಿ ಸಲವೂ ಅದೇ ಸಂಖ್ಯೆ ಬರುತ್ತದೆ.

ಪರಿಹಾರವೆಂದರೆ, ಆಬ್ಜೆಕ್ಟಿನ ಬದಲು ಅದನ್ನು ಕೊಡುವ ಫ್ಯಾಕ್ಟರಿಯನ್ನು ಇಂಜೆಕ್ಟ್ ಮಾಡಿಸಿಕೊಳ್ಳುವುದು, ಅಂದರೆ ಕಂಟೇನರ್‌ನಿಂದ ಅದನ್ನು ಪಡೆದುಕೊಳ್ಳುವುದು. ಸ್ಪ್ರಿಂಗ್ 4.3ರಿಂದ ಆಬ್ಜೆಕ್ಟ್‌ಪ್ರೊವೈಡರ್ ಇದೆ. ಕನ್‌ಸ್ಟ್ರಕ್ಟರ್‌ನಲ್ಲಿ ಅದನ್ನು ತೆಗೆದುಕೊಂಡು, ವರದಿ ಸಿದ್ಧಪಡಿಸುವ ಮೆಥಡ್‌ನ ಮೊದಲ ಸಾಲಿನಲ್ಲಿ ಗೆಟ್‌ಆಬ್ಜೆಕ್ಟ್ ಕರೆದು, ಬಂದದ್ದನ್ನು ಲೋಕಲ್ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಲೋಕಲ್ ವೇರಿಯಬಲ್ ಎಂಬುದನ್ನು ಒತ್ತಿ ಹೇಳಲು ಕಾರಣವಿದೆ: ಕನ್‌ಸ್ಟ್ರಕ್ಟರ್‌ನಲ್ಲೇ ಗೆಟ್‌ಆಬ್ಜೆಕ್ಟ್ ಕರೆದು ಫೀಲ್ಡ್‌ಗೆ ಹಾಕಿದರೆ ಹಳೆಯ ಸ್ಥಿತಿಗೇ ಮರಳುತ್ತೀರಿ, ಒಂದೇ ಮೆಥಡ್‌ನಲ್ಲಿ ಎರಡು ಬಾರಿ ಕರೆದರೆ ಸಾಲುಗಳು ಒಂದರಲ್ಲಿ ತುಂಬಿ, ಮುದ್ರಣ ಇನ್ನೊಂದರಿಂದ ಆಗಿ, ಖಾಲಿ ವರದಿ ಹೊರಬರುತ್ತದೆ. ಸ್ಕೋಪ್ಡ್ ಪ್ರಾಕ್ಸಿಯನ್ನು (ನಿಜವಾದ ಆಬ್ಜೆಕ್ಟಿನ ಬದಲು ನಿಂತು ಕರೆಗಳನ್ನು ಅದಕ್ಕೆ ದಾಟಿಸುವ ಆಬ್ಜೆಕ್ಟನ್ನು) ಸೂಚಿಸುವವರಿದ್ದಾರೆ, ಆದರೆ ಪ್ರೋಟೋಟೈಪ್ ಬೀನ್‌ಗೆ (ಕಂಟೇನರ್ ಕಟ್ಟುವ ಆಬ್ಜೆಕ್ಟಿಗೆ ಬೀನ್ ಎನ್ನುತ್ತಾರೆ) ಅದನ್ನು ಹಾಕಿದರೆ ಪ್ರತಿಯೊಂದು ಮೆಥಡ್ ಕರೆಗೂ ಹೊಸ ಆಬ್ಜೆಕ್ಟ್ ಹುಟ್ಟುವುದರಿಂದ ನಿಮ್ಮಂಥ ಬಿಲ್ಡರ್‌ಗೆ ಅದು ಒಗ್ಗುವುದಿಲ್ಲ.

ಹುಟ್ಟಿಸುವ ಕೆಲಸ ನಿಮ್ಮ ಕೈಗೆ ಬಂದಾಗ ಮುಚ್ಚುವ ಕೆಲಸವೂ ಜೊತೆಗೇ ಬರುತ್ತದೆ, ಮತ್ತು ಹೆಚ್ಚಿನವರು ಎಡವುವುದು ಇಲ್ಲೇ. ಪ್ರೋಟೋಟೈಪ್ ಬೀನ್ ಹುಟ್ಟಿದ ಕೂಡಲೇ ನಡೆಯಬೇಕಾದ ಪೋಸ್ಟ್‌ಕನ್‌ಸ್ಟ್ರಕ್ಟ್ ಮೆಥಡನ್ನು ಕಂಟೇನರ್ ಕರೆಯುತ್ತದೆ. ಕೊನೆಯಲ್ಲಿ ಮುಚ್ಚುವ ಕೆಲಸಕ್ಕಿರುವ ಪ್ರೀಡಿಸ್ಟ್ರಾಯ್ ಮೆಥಡನ್ನು ಮಾತ್ರ ಕರೆಯುವುದಿಲ್ಲ, ಏಕೆಂದರೆ ಕೊಟ್ಟ ಆಬ್ಜೆಕ್ಟನ್ನು ಅದು ಮತ್ತೆ ಲೆಕ್ಕದಲ್ಲಿ ಇಟ್ಟುಕೊಳ್ಳುವುದಿಲ್ಲ. ಬಿಲ್ಡರ್ ತಾತ್ಕಾಲಿಕ ಫೈಲ್ ತೆರೆಯುತ್ತಿದ್ದರೆ ಪ್ರತಿ ವರದಿಗೂ ಒಂದು ಫೈಲ್ ತೆರೆದೇ ಉಳಿಯಬಹುದು. ಆದ್ದರಿಂದ ಕ್ಲಾಸನ್ನು ಆಟೋಕ್ಲೋಸಬಲ್ ಮಾಡಿ, ಗೆಟ್‌ಆಬ್ಜೆಕ್ಟ್ ಕರೆಯನ್ನು, ಕೆಲಸ ಮುಗಿದೊಡನೆ ತಾನೇ ಮುಚ್ಚುವ ಜಾವಾದ ಟ್ರೈ-ವಿತ್-ರಿಸೋರ್ಸಸ್ ಆವರಣದೊಳಗೆ ಇಡಿ.

ಮೇಲೆ ಹೇಳಿದ ಫ್ಯಾಕ್ಟರಿಯ ಹೆಸರನ್ನು ಹೋಲುವ ಫ್ಯಾಕ್ಟರಿಬೀನ್ ಬೇರೆಯ ವಸ್ತು. ಅದು ಕಂಟೇನರ್‌ಗೇ ಆಬ್ಜೆಕ್ಟ್ ಕಟ್ಟಿಕೊಡುವ ಬೀನ್. ಅದರ ಹೆಸರು ಹೇಳಿ ಕೇಳಿದರೆ ಸಿಗುವುದು ಅದು ಕಟ್ಟಿದ ಆಬ್ಜೆಕ್ಟ್, ಫ್ಯಾಕ್ಟರಿಯೇ ಬೇಕಿದ್ದರೆ ಹೆಸರಿನ ಆರಂಭದಲ್ಲಿ ಆಂಪರ್ಸ್ಯಾಂಡ್ (&) ಚಿಹ್ನೆ ಹಾಕಬೇಕು. ಅಲ್ಲಿಯೂ ಕಂಟೇನರ್ ನೋಡಿಕೊಳ್ಳುವುದು ಫ್ಯಾಕ್ಟರಿಯ ಜೀವನಚಕ್ರವನ್ನೇ ಹೊರತು ಅದು ಕಟ್ಟಿದ ಆಬ್ಜೆಕ್ಟಿನದನ್ನಲ್ಲ.

ಕೊನೆಗೆ, ನಿಮ್ಮ ಬಿಲ್ಡರ್‌ನ ಕನ್‌ಸ್ಟ್ರಕ್ಟರನ್ನೊಮ್ಮೆ ತೆರೆದು ನೋಡಿ. ಅದಕ್ಕೆ ಬೇರೆ ಯಾವ ಬೀನ್‌ನ ಅಗತ್ಯವೂ ಇಲ್ಲದಿದ್ದರೆ ಅದು ಕಂಟೇನರ್‌ನಲ್ಲಿ ಇರಬೇಕಾದ ಕಾರಣವೇ ನನಗೆ ಕಾಣುವುದಿಲ್ಲ. ಮೆಥಡ್‌ನೊಳಗೆ ನ್ಯೂ ಎಂದು ಬರೆದುಕೊಂಡರೆ ಸಾಕು.