ಒಂದೇ ಭೇಟಿಯ ಕ್ರೌನ್: ಕುರ್ಚಿ ಪಕ್ಕದ ವಿನ್ಯಾಸ

ಹಲ್ಲನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ, ಕ್ಲಿನಿಕ್ಕಿನ ಯಂತ್ರದಲ್ಲೇ ಕೊರೆದು ಅದೇ ಭೇಟಿಯಲ್ಲಿ ಕೂರಿಸುವ ಕ್ರೌನ್ (ಹಲ್ಲಿನ ಟೊಪ್ಪಿ) ಇದು. ದವಡೆ ಹಲ್ಲಿಗೆ ಲಿಥಿಯಂ ಡೈಸಿಲಿಕೇಟ್ (ಗಾಜಿನಂಥ ಗಟ್ಟಿ ಸೆರಾಮಿಕ್) ಕ್ರೌನ್ ಎಂದಿಟ್ಟುಕೊಳ್ಳೋಣ. ಸ್ಕ್ಯಾನರ್ ಹಿಡಿಯುವ ಮೊದಲೇ ವಿನ್ಯಾಸದ ಅರ್ಧ ಮುಗಿದಿರುತ್ತದೆ. ಹಲ್ಲು ಕಡಿಯುವಾಗ ಕಚ್ಚುವ ಮೇಲ್ಮೈಯಲ್ಲಿ 1.5 ಮಿ.ಮೀ., ಅಂಚಿನಲ್ಲಿ ಸುಮಾರು 1 ಮಿ.ಮೀ. ಜಾಗ ಬೇಕು, ಒಳಮೂಲೆಗಳು ದುಂಡಗಿರಬೇಕು. ಚೂಪು ಮೂಲೆಗೆ, ಕ್ರೌನ್ ಕೊರೆಯುವ ಮಿಲ್ಲಿಂಗ್ ಬರ್‌ನ ತುದಿ ಇಳಿಯದು. ಯಂತ್ರ ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕೊರೆಯುತ್ತದೆ, ಕ್ರೌನ್ ಒಳಗೆ ಸಡಿಲಾಗುತ್ತದೆ.

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಅಡಿಕೆ, ಗುಟ್ಕಾ ಅಗಿದು ಸವೆದ ಗಿಡ್ಡ ಹಲ್ಲುಗಳು ಆಗಾಗ ಎದುರಾಗುತ್ತವೆ. ಅವನ್ನು ಮತ್ತೆ ಕಡಿದರೆ ಕ್ರೌನ್ ಹಿಡಿಯಲು ಗೋಡೆಯೇ ಉಳಿಯದು. ಎನಾಮಲ್ (ಹಲ್ಲಿನ ಹೊರಪದರ) ಸಾಕಷ್ಟು ಉಳಿದಿದ್ದರೆ, ಹಲ್ಲಿನ ಮೇಲ್ಭಾಗವನ್ನಷ್ಟೇ ಮುಚ್ಚುವಂತೆ ಅಂಟಿಸುವ ಆನ್‌ಲೇಯೇ ಸರಿ.

ಸ್ಕ್ಯಾನ್‌ಗೆ ಮುನ್ನ ತೆಳು ದಾರ (ಕಾರ್ಡ್) ಇಟ್ಟು ವಸಡು ಸರಿಸಿ, ರಕ್ತ, ಎಂಜಲು ಪೂರ್ತಿ ಒಣಗಿಸಿ. ಬೈಟ್ (ಮೇಲಿನ, ಕೆಳಗಿನ ಹಲ್ಲು ಕೂಡಿದ ಸ್ಕ್ಯಾನ್) ತೆಗೆಯುವಾಗ "ಹಿಂದಿನ ಹಲ್ಲು ಕೂಡಿಸಿ ಕಚ್ರೀ" ಎಂದು ಹೇಳಿ, ಬಾಯಲ್ಲಿ ಕೂಡುವ ಹಲ್ಲುಗಳೇ ಪರದೆಯಲ್ಲೂ ಕೂಡಿವೆಯೇ ನೋಡಿ. ಇದು ತಪ್ಪಿದರೆ ಮುಂದಿನ ಕಚ್ಚುವಿಕೆಯ ಲೆಕ್ಕವೆಲ್ಲ ತಪ್ಪು.

ಹೆಚ್ಚು ಹೊತ್ತು ಕೊಡಬೇಕಾದ್ದು ಮಾರ್ಜಿನ್ ಗೆರೆಗೆ, ಅಂದರೆ ಕ್ರೌನ್ ಹಲ್ಲಿಗೆ ಕೂಡುವ ಅಂಚಿನ ಗೆರೆಗೆ. ತಂತ್ರಾಂಶ ತಾನೇ ಎಳೆದ ಗೆರೆ ಹಲ್ಲುಗಳ ನಡುವೆ, ವಸಡಿನ ಕೆಳಗೆ ದಾರಿ ತಪ್ಪುವುದುಂಟು. ಮಾದರಿಯನ್ನು ದೊಡ್ಡದು ಮಾಡಿ, ತಿರುಗಿಸುತ್ತ ಸುತ್ತಲೂ ಪರೀಕ್ಷಿಸಿ. ಅಂಚು ಮಸುಕಾಗಿದ್ದರೆ ಊಹಿಸಿ ಎಳೆಯಬೇಡಿ. ಆ ಭಾಗವನ್ನು ಅಳಿಸಿ, ಮತ್ತೆ ಒಣಗಿಸಿ ಸ್ಕ್ಯಾನ್ ಮಾಡಿ. ಊಹೆಯ ಗೆರೆಯಲ್ಲಿ ಬಿಟ್ಟುಹೋದ ಸಂದಿನಲ್ಲೇ ಹುಳುಕು ಮರಳುತ್ತದೆ.

ಬಳಿಕ ಕ್ರೌನನ್ನು ಹಲ್ಲಿನ ಮೇಲೆ ಇಳಿಸುವ ದಿಕ್ಕು. ಅಂಡರ್‌ಕಟ್ (ಕ್ರೌನ್ ಇಳಿಯಲು ಅಡ್ಡಿಯಾಗುವ ಒಳಬಾಗು) ತೋರಿಸುವ ಬಣ್ಣ ಪರದೆಯಲ್ಲಿ ಕಂಡರೆ ದಿಕ್ಕು ಬದಲಿಸಿ. ಆಗದಿದ್ದರೆ ಹಲ್ಲನ್ನೇ ತಿದ್ದಬೇಕು. ಆಮೇಲೆ ಪಕ್ಕದ ಹಲ್ಲಿನ ಸ್ಪರ್ಶ. ಪಾಲಿಶ್‌ನಲ್ಲಿ ಸ್ವಲ್ಪ ಸವೆಯುವುದರಿಂದ 25ರಿಂದ 50 ಮೈಕ್ರಾನ್ ಬಿಗಿ ಇಡುವುದು ವಾಡಿಕೆ. ಕಚ್ಚುವ ಬಿಂದುಗಳು ಮಾರ್ಜಿನ್ ಮೇಲೆ ಬೀಳಬಾರದು. ದಪ್ಪ ಸಾಲದೆಂಬ ಎಚ್ಚರಿಕೆ ಬಂದರೆ ಹಲ್ಲಿನ ತಯಾರಿಗೆ ಮರಳಿ. ಹೊರಮೈ ಉಬ್ಬಿಸಿದರೆ ಎದುರು ಹಲ್ಲು ಮೊದಲು ಅಲ್ಲೇ ತಾಗುತ್ತದೆ. ಸ್ಪ್ರೂ (ಕೊರೆಯುವಾಗ ಕ್ರೌನನ್ನು ಬ್ಲಾಕಿಗೆ ಹಿಡಿದಿಡುವ ತುಂಡು) ಸ್ಪರ್ಶಬಿಂದುವಿನಲ್ಲೂ ಅಂಚಿನಲ್ಲೂ ಬೇಡ.

ಮಿಲ್ಲಿಂಗ್ ಮುಗಿದಾಗ ಕ್ರೌನ್ ನೀಲಿ, ಇನ್ನೂ ದುರ್ಬಲ. ಕೂರಿಸಿ ಅಂಚು ನೋಡಬಹುದು, ಗಟ್ಟಿ ಕಚ್ಚಿಸಬೇಡಿ. ಪೂರ್ಣ ಬಲ ಬರುವುದು ಕುಲುಮೆಯಲ್ಲಿ, ಸುಮಾರು 840 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಡುವೆ ಕರೆಂಟ್ ಹೋದರೆ ಬೇಯಿಸುವ ಚಕ್ರ ಕೆಡುತ್ತದೆ. ಹೆಸ್ಕಾಂ ವಿದ್ಯುತ್ ಕಡಿತ ಪ್ರಕಟಿಸಿದ ದಿನ ರೋಗಿಯನ್ನು ಕರೆಯಬೇಡಿ.

ಅಂಟಿಸುವ ಮುನ್ನ ಒಳಮೈಗೆ 5% ಹೈಡ್ರೋಫ್ಲೋರಿಕ್ ಆಮ್ಲ 20 ಸೆಕೆಂಡು, ತೊಳೆದು ಒಣಗಿಸಿ ಸಿಲೇನ್ (ಅಂಟು ಹಿಡಿಸುವ ದ್ರವ) 60 ಸೆಕೆಂಡು. ಫೆಲ್ಡ್‌ಸ್ಪಾರ್ ಬ್ಲಾಕ್‌ಗೆ (ಇನ್ನೊಂದು ಬಗೆಯ ಸೆರಾಮಿಕ್) ಆಮ್ಲ 60 ಸೆಕೆಂಡು. ಈ ಆಮ್ಲ ಕೈಗವಸು, ಕನ್ನಡಕವಿಲ್ಲದೆ ಮುಟ್ಟುವಂಥದ್ದಲ್ಲ, ಬಾಯೊಳಗಂತೂ ಬಳಸಲೇಬಾರದು.