ಸೂಜಿ ಯಾರ ಕೈಯಲ್ಲಿರಬೇಕು?

ಕ್ಯಾಲಿಫೋರ್ನಿಯಾದ ನಮ್ಮ ನೋವು ಚಿಕಿತ್ಸಾಲಯಕ್ಕೆ ಬರುವ ಕನ್ನಡಿಗರಲ್ಲಿ ಸೊಂಟನೋವಿನ ಹಿರಿಯರೇ ಹೆಚ್ಚು. ಅಕ್ಯುಪಂಕ್ಚರ್, ಅಂದರೆ ನೋವಿಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ, ಮಾಡಿಸಿ ನೋಡಿ ಎಂದರೆ ಕೂಡಲೇ ಕೇಳುತ್ತಾರೆ: “ನೀವೇ ಚುಚ್ತೀರಲ್ವಾ ಡಾಕ್ಟ್ರೇ?” ಬಹಳ ಸಲ ನಾನು ಅವರನ್ನು ಲೈಸೆನ್ಸ್ ಇರುವ ಅಕ್ಯುಪಂಕ್ಚರಿಸ್ಟ್ ಹತ್ತಿರ ಕಳಿಸುತ್ತೇನೆ.

ಈ ರಾಜ್ಯದಲ್ಲಿ ಅಕ್ಯುಪಂಕ್ಚರಿಸ್ಟ್ ಆಗಲು 2,050 ಗಂಟೆ ಪಾಠ, 950 ಗಂಟೆ ರೋಗಿಗಳ ಜೊತೆಗಿನ ಅಭ್ಯಾಸ, ಮೇಲೆ ರಾಜ್ಯದ ಪರೀಕ್ಷೆ. ವೈದ್ಯರಿಗಾಗಿ ಇರುವ ಅಮೆರಿಕನ್ ಬೋರ್ಡ್ ಆಫ್ ಮೆಡಿಕಲ್ ಅಕ್ಯುಪಂಕ್ಚರ್‌ನ ಪ್ರಮಾಣಪತ್ರಕ್ಕೆ 300 ಗಂಟೆ ಸಾಕು. ಇಲ್ಲಿನ ಕಾನೂನು ಎಂ.ಡಿ. ಪದವಿಯ ವೈದ್ಯರಿಗೆ ಅದನ್ನೂ ಕಡ್ಡಾಯ ಮಾಡಿಲ್ಲ.

ಇಂಜೆಕ್ಷನ್ ಕೊಟ್ಟು ಪಳಗಿದ ಕೈಗೆ ಇದು ಸಲೀಸು ಅಂದುಕೊಳ್ಳಬೇಡಿ. ಇಂಜೆಕ್ಷನ್ ಸೂಜಿ ಟೊಳ್ಳು, ತುದಿ ಓರೆ. ಅಕ್ಯುಪಂಕ್ಚರ್ ಸೂಜಿ ಒಳಗೆ ಗಟ್ಟಿ, ದಪ್ಪ ಸುಮಾರು ಕಾಲು ಮಿಲಿಮೀಟರ್. ಪುಟ್ಟ ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟು ತಲೆಯ ಮೇಲೆ ಬೆರಳಿಂದ ತಟ್ಟಿ, ಆಮೇಲೆ ತಿರುಗಿಸುತ್ತ ಇಳಿಸಬೇಕು. ಕುತ್ತಿಗೆಗೂ ಭುಜದ ತುದಿಗೂ ನಡುವೆ, ಎಲ್ಲರಿಗೂ ಬಿಗಿಯುವ ಜಾಗ ಒಂದಿದೆಯಲ್ಲ, ಅದರ ಕೆಳಗೇ ಶ್ವಾಸಕೋಶದ ತುದಿ ಇರುತ್ತದೆ. ಪಳಗಿದವರು ಅಲ್ಲಿ ಸ್ನಾಯುವನ್ನು ಬೆರಳಲ್ಲಿ ಹಿಡಿದೆತ್ತಿ, ಸೂಜಿಯನ್ನು ಶ್ವಾಸಕೋಶದ ಕಡೆಗೆ ಹೋಗದಂತೆ ವಾಲಿಸುತ್ತಾರೆ. ನೇರವಾಗಿ ಆಳಕ್ಕೆ ಹೋದರೆ ಶ್ವಾಸಕೋಶ ತೂತಾಗಿ ಎದೆಗೂಡಿನಲ್ಲಿ ಗಾಳಿ ತುಂಬಬಹುದು. ಅಪರೂಪ, ನಿಜ. ಆದರೂ ಚುಚ್ಚಿಸಿಕೊಂಡು ಮನೆಗೆ ಬಂದಮೇಲೆ ಎದೆನೋವು, ಉಸಿರುಕಟ್ಟುವಿಕೆ ಶುರುವಾದರೆ ಬೆಳಗಾಗಲಿ ಅಂತ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಸೊಂಟನೋವಿನ ಬಗ್ಗೆ 2007ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಪ್ರಯೋಗದಲ್ಲಿ ಅಕ್ಯುಪಂಕ್ಚರ್ ಶಾಸ್ತ್ರ ಹೇಳುವ ಬಿಂದುಗಳಲ್ಲಿ ಚುಚ್ಚಿಸಿಕೊಂಡ ಶೇ. 47.6 ಮಂದಿಗೆ ಗುಣ ಕಂಡಿತು, ಬಿಂದು ಬಿಟ್ಟು ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಮಾಮೂಲಿ ಚಿಕಿತ್ಸೆಯವರಲ್ಲಿ ಬರೀ 27.4. ಎಲ್ಲಿ ಚುಚ್ಚಿದರು ಎಂಬುದರಿಂದ ಫಲದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನನಗೆ ತರಬೇತಿಯ ಬೆಲೆ ಮುಖ್ಯವಾಗಿ ಸುರಕ್ಷತೆಯಲ್ಲಿ ಕಾಣುತ್ತದೆ.

ವೈದ್ಯರ ಕೆಲಸ ಸೂಜಿಗಿಂತ ಮೊದಲಿನದು. ಸೊಂಟನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ತೊಡೆಸಂದಿ ಮರಗಟ್ಟುವುದು, ಮೂತ್ರ ಕಟ್ಟುವುದು: ಇವುಗಳಲ್ಲಿ ಒಂದಿದ್ದರೂ ಮೊದಲು ತಪಾಸಣೆ ಆಗಲೇಬೇಕು.

ನನಗೆ ಸಿಟ್ಟು ಬರುವುದು ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗಾಗಿ ಇರುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ, ನಿಯಮದ ಮೇಲೆ. 2020ರ ಜನವರಿಯಿಂದ, 12 ವಾರ ದಾಟಿದ ಸೊಂಟನೋವಿಗೆ 90 ದಿನದಲ್ಲಿ 12 ಸಲ, ಗುಣ ಕಂಡರೆ ಇನ್ನೂ 8 ಸಲ ಅಕ್ಯುಪಂಕ್ಚರ್ ವೆಚ್ಚವನ್ನು ಅದು ಭರಿಸುತ್ತದೆ. ಆದರೆ 3,000 ಗಂಟೆ ಕಲಿತ ಅಕ್ಯುಪಂಕ್ಚರಿಸ್ಟ್‌ಗಳು ತಾವಾಗಿ ಬಿಲ್ ಕಳಿಸುವಂತಿಲ್ಲ, ವೈದ್ಯರಂಥವರ ಮೇಲ್ವಿಚಾರಣೆ ಬೇಕೇ ಬೇಕು. ಇದು ಅನ್ಯಾಯ, ಪೆಟ್ಟು ಬೀಳುವುದು ಅಕ್ಯುಪಂಕ್ಚರಿಸ್ಟ್‌ಗಳ ಸ್ವಂತ ಕ್ಲಿನಿಕ್‌ನಲ್ಲಿ ಚುಚ್ಚಿಸಿಕೊಂಡು ಕೈಯಿಂದ ಹಣ ಕಟ್ಟುವ ಹಿರಿಯರಿಗೆ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗಂತೂ ಮೆಡಿಕೇರ್ ಇಲ್ಲವೇ ಇಲ್ಲ. ಮೊದಲೇ ದರ ಕೇಳಿಕೊಳ್ಳಿ.

ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಕ್ಯಾಲಿಫೋರ್ನಿಯಾ ಅಕ್ಯುಪಂಕ್ಚರ್ ಬೋರ್ಡ್‌ನ ಜಾಲತಾಣದಲ್ಲಿ ನೋಡಬಹುದು. ಚುಚ್ಚುವವರು ಡಾಕ್ಟರಾದರೆ ಅಕ್ಯುಪಂಕ್ಚರ್ ಎಲ್ಲಿ, ಎಷ್ಟು ಗಂಟೆ ಕಲಿತಿರಿ ಎಂದು ಸಂಕೋಚವಿಲ್ಲದೆ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಪೇಸ್‌ಮೇಕರ್ ಇದ್ದರೆ, ಯಾರೇ ಚುಚ್ಚಲಿ, ಮಲಗುವ ಮೊದಲೇ ಹೇಳಿ.